ಕೆಸುವಿನ ಬುಡದಲ್ಲಿ ಸಿಕ್ಕ ನೀರು: ಐದು ಮನೆಯ ಒಂದು ಬಾವಿಯ ರಿಪೇರಿ ಕತೆ

ಸುಂಟಿಕೊಪ್ಪದಿಂದ ಒಳಕ್ಕೆ ಹೋಗುವ ಮಣ್ಣುರಸ್ತೆಯ ಕೊನೆಯಲ್ಲಿ ನಮ್ಮದು ಐದು ಮನೆ. ನನ್ನದೊಂದು, ಚಿಕ್ಕಪ್ಪನದೊಂದು, ಮೂರು ಲೈನ್ ಮನೆ (ತೋಟದ ಕೆಲಸದವರ ಸಾಲುಮನೆ). ತಲೆ ಎಣಿಸಿದರೆ ಹತ್ತೊಂಬತ್ತು. ಬಾವಿ ಮಾತ್ರ ಒಂದೇ. ಅಜ್ಜನ ಕಾಲದ್ದು, ಕಲ್ಲು ಕಟ್ಟಿದ್ದು, 28 ಅಡಿ ಆಳ, 6 ಅಡಿ ಅಗಲ. ಅದರಿಂದ ಮೋಟರ್ ನೀರೆತ್ತಿ ಮನೆ ಹಿಂದಿನ ಏರಿನಲ್ಲಿರುವ 2000 ಲೀಟರಿನ ಟ್ಯಾಂಕಿಗೆ ಹಾಕುತ್ತದೆ, ಅಲ್ಲಿಂದ ಎರಡು ಪೈಪ್ ಲೈನ್ ಇಳಿದು ಐದು ಮನೆಗೆ ಹೋಗುತ್ತವೆ.

ಕೊಡಗಿನವರು ನೀರಿಲ್ಲ ಎಂದರೆ ಬಯಲುಸೀಮೆಯ ನೆಂಟರು ನಗುತ್ತಾರೆ. ಅವರ ತಪ್ಪಲ್ಲ. ಭಾಗಮಂಡಲದ ಕಡೆ ವರ್ಷಕ್ಕೆ 200 ಇಂಚು ಬಿದ್ದದ್ದೂ ಉಂಟು. ಆದರೆ ಮಡಿಕೇರಿಯಿಂದ ಕುಶಾಲನಗರಕ್ಕೆ ರಸ್ತೆ ಇಳಿದ ಹಾಗೆ ಮಳೆಯೂ ಇಳಿಯುತ್ತದೆ. ಮೂವತ್ತು ಚಿಲ್ಲರೆ ಕಿಲೋಮೀಟರಿನ ದಾರಿ ಅದು. ಆ ತುದಿಯಲ್ಲಿ ಬೀಳುವ ಮಳೆಯ ಮೂರರಲ್ಲೊಂದು ಪಾಲು ಈ ತುದಿಯಲ್ಲಿ ಬಿದ್ದರೆ ಹೆಚ್ಚು. ನಾವು ನಡುವಿನವರು. ಅಪ್ಪನ ಮಳೆ ಪುಸ್ತಕದಲ್ಲಿ ಒಳ್ಳೆಯ ವರ್ಷಕ್ಕೆ ಎಂಬತ್ತು ಇಂಚು, ಕೆಟ್ಟದ್ದಕ್ಕೆ ಐವತ್ತರ ಹತ್ತಿರ. (ನಮ್ಮಲ್ಲಿ ತೋಟದ ಮಳೆ ಲೆಕ್ಕ ಇಂದಿಗೂ ಇಂಚು, ಸೆಂಟಿನಲ್ಲೇ. ನೂರು ಸೆಂಟಿಗೆ ಒಂದು ಇಂಚು. ಬೆಳಿಗ್ಗೆ ಫೋನ್ ಮಾಡಿದವರು ಕಾಫಿ ಆಯ್ತಾ ಎಂದು ಕೇಳುವುದಕ್ಕೆ ಮುಂಚೆ ‘ನಿಮ್ಮಲ್ಲಿ ಎಷ್ಟು ಸೆಂಟು’ ಎನ್ನುತ್ತಾರೆ.)

2023ರ ಮುಂಗಾರು ಕೈಕೊಟ್ಟಿತು. ರಾಜ್ಯದ ಬಹುತೇಕ ತಾಲ್ಲೂಕುಗಳು ಬರದ ಪಟ್ಟಿ ಸೇರಿದ ವರ್ಷ ಅದು. 2024ರ ಏಪ್ರಿಲ್ ಎರಡನೇ ವಾರ ನಮ್ಮ ಬಾವಿಯ ಫುಟ್ ವಾಲ್ವ್ (ಮೋಟರ್ ಪೈಪಿನ ನೀರೊಳಗಿನ ತುದಿಯ ವಾಲ್ವ್) ಗೊರಗೊರ ಅಂತ ಗಾಳಿ ಎಳೆಯತೊಡಗಿತು.

ಏಪ್ರಿಲ್ 2024

ನಾನು ಮಾಡಿದ ಮೊದಲ ಕೆಲಸವೆಂದರೆ ಕುಶಾಲನಗರಕ್ಕೆ ಹೋಗಿ 200 ಲೀಟರಿನ ನೀಲಿ ಡ್ರಮ್ ಎರಡು, ಪಿವಿಸಿ ಪೈಪ್, ಅದನ್ನು ತಿರುಗಿಸುವ ಬೆಂಡು, ಕವಲೊಡೆಸುವ ಟೀ ಎಲ್ಲ ಪಿಕಪ್‌ನಲ್ಲಿ ಹೇರಿಸಿಕೊಂಡು ಬಂದದ್ದು. ಮಳೆಕೊಯ್ಲು ಮಾಡುತ್ತೇನೆಂದು. ಮಳೆಯೇ ಇಲ್ಲದ ತಿಂಗಳಲ್ಲಿ. ಸಾಮಾನು ಅಂಗಳದಲ್ಲಿ ಬಿದ್ದಿತ್ತು, ನನಗೆ ಮಾಡಲು ಬೇರೆ ಕೆಲಸವಿರಲಿಲ್ಲ, ಹಾಗಾಗಿ ಬಾವಿಯನ್ನು ಅಳೆಯಲು ಕೂತೆ.

ನೈಲಾನ್ ಹಗ್ಗದ ತುದಿಗೆ ಹಳೇ ಬೀಗ ಕಟ್ಟಿ, ಅಡಿಗೊಂದು ಗಂಟು ಹಾಕಿದೆ. ಅಷ್ಟೇ ಉಪಕರಣ. ಆರಡಿ ಅಗಲದ ಬಾವಿಯಲ್ಲಿ ಒಂದಡಿ ನೀರು ಎಂದರೆ 28 ಘನ ಅಡಿ ಚಿಲ್ಲರೆ, ಅಂದರೆ 800 ಲೀಟರ್. ಬೆಳಿಗ್ಗೆ ಏಳಕ್ಕೆ ಮೋಟರ್ ನಿಲ್ಲಿಸಿದಾಗ ಒಂದು ಅಳತೆ, ಮರುದಿನ ಮೋಟರ್ ಹಾಕುವ ಮುಂಚೆ ಇನ್ನೊಂದು. ನಾಲ್ಕು ದಿನ ನೋಡಿದೆ. ಅಷ್ಟು ಒಣಗಿದ ಏಪ್ರಿಲಿನಲ್ಲೂ ಬಾವಿ ದಿನಕ್ಕೆ ಒಂದೂವರೆ ಅಡಿ ಊರುತ್ತಿತ್ತು. 1200 ಲೀಟರ್.

ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ಇಟ್ಟಿರುವ ಲೆಕ್ಕ ದಿನಕ್ಕೆ 55 ಲೀಟರ್. ಹತ್ತೊಂಬತ್ತು ಜನಕ್ಕೆ 1045. ಅಂದರೆ ಬಾವಿ ನಮಗೆ ಬೇಕಾದಷ್ಟು ಕೊಡುತ್ತಿದೆ, ಚೂರು ಮಿಗಿಸಿಯೇ ಕೊಡುತ್ತಿದೆ. ಆದರೂ ಮಧ್ಯಾಹ್ನ ನಾಲ್ಕಕ್ಕೆ ಟ್ಯಾಂಕ್ ಖಾಲಿ, ಲೈನ್ ಮನೆಯವರು ನಮ್ಮ ಮನೆ ಕಡೆ ನೋಡುವುದು, ನಾವು ಚಿಕ್ಕಪ್ಪನ ಮನೆ ಕಡೆ ನೋಡುವುದು. ಯಾರು ಜಾಸ್ತಿ ಬಟ್ಟೆ ಒಗೆದರು ಎಂಬ ಲೆಕ್ಕ ಆಗಲೇ ಶುರುವಾಗಿತ್ತು.

ಇಲ್ಲಿ ನನ್ನದೇ ಒಂದು ವಿಷಯ ಹೇಳಿಬಿಡಬೇಕು. ಫೆಬ್ರವರಿಯಲ್ಲಿ ಕೆಳಗಿನ ಕೆರೆಯಿಂದ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಿಸಿದವನು ನಾನೇ. ಹೂ ಬಿಡಲೆಂದು ಒಂದು ಎಕರೆಗೆ ಒಂದು ಇಂಚು ನೀರು ಕೊಟ್ಟರೆ ಅದು ಒಂದು ಲಕ್ಷ ಲೀಟರಿಗೂ ಸ್ವಲ್ಪ ಮೇಲೆ. ಐದು ಮನೆಯ ಮೂರು ತಿಂಗಳ ನೀರು. ಎರಡು ಎಕರೆಗೆ ಕೊಟ್ಟಿದ್ದೆ. ಕೆರೆಯ ನೀರು ಕುಡಿಯುವ ನೀರಲ್ಲ, ಅದು ಬೇರೆ, ಇದು ಬೇರೆ ಎಂದು ಸಮಾಧಾನ ಮಾಡಿಕೊಳ್ಳಬಹುದು. ಕೆರೆಗೂ ಬಾವಿಗೂ ನಡುವೆ ಇರುವುದು ಎಂಬತ್ತು ಅಡಿ ಮಣ್ಣು. ಆ ಮಣ್ಣಿನೊಳಗೆ ಏನು ನಡೆಯುತ್ತದೋ ನನಗೆ ಕಾಣುವುದಿಲ್ಲ. ಆದರೆ ಬಟ್ಟೆ ಒಗೆದವರ ಮೇಲೆ ಕಣ್ಣು ಹಾಕುವ ಮೊದಲು ಇದನ್ನು ಬರೆದುಕೊಳ್ಳಬೇಕು ಅನ್ನಿಸಿತು.

ರಾತ್ರಿ ಪರೀಕ್ಷೆ

ಒಂದು ಸಂಜೆ ಐದೂ ಮನೆಗೆ ಹೋಗಿ, ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಯಾರೂ ನಲ್ಲಿ ತಿರುಗಿಸಬೇಡಿ, ಬೇಕಾದ್ದನ್ನು ಈಗಲೇ ಹಿಡಿದಿಟ್ಟುಕೊಳ್ಳಿ ಎಂದು ಹೇಳಿಬಂದೆ. ಟ್ಯಾಂಕಿನೊಳಗೆ ಬಿದಿರು ಕೋಲು ಇಳಿಸಿ ಒದ್ದೆಯಾದ ಗೆರೆ ಗುರುತು ಮಾಡಿದೆ. ನಮ್ಮ ಟ್ಯಾಂಕ್ ಅಡ್ಡಕ್ಕೆ ನಾಲ್ಕೂವರೆ ಅಡಿ, ಹಾಗಾಗಿ ಒಂದು ಇಂಚು ಇಳಿದರೆ 37 ಲೀಟರ್ ಹೋಯಿತು ಎಂದರ್ಥ.

ಬೆಳಿಗ್ಗೆ ಐದಕ್ಕೆ ಟಾರ್ಚ್ ಹಿಡಿದು ಹತ್ತಿ ನೋಡಿದರೆ ಒಂಬತ್ತು ಇಂಚು ಇಳಿದಿತ್ತು. ಯಾರೂ ಮುಟ್ಟದೆ ಏಳು ಗಂಟೆಯಲ್ಲಿ 330 ಲೀಟರ್. ಗಂಟೆಗೆ 47. ಇಡೀ ದಿನ ಹೀಗೆಯೇ ಸೋರಿದರೆ ಬಾವಿ ಊರಿದ್ದು ಹೆಚ್ಚುಕಡಿಮೆ ಪೂರ್ತಿ ಹೋಯಿತು. ಟ್ಯಾಂಕ್ ಬೇಗ ಖಾಲಿಯಾಗುತ್ತಿದ್ದುದೇ ಪುಣ್ಯ, ಇಲ್ಲದಿದ್ದರೆ ಇನ್ನೂ ಹೋಗುತ್ತಿತ್ತು.

ತೊಟ್ಟಿಕ್ಕುವ ನಲ್ಲಿಗಳನ್ನು ಮೊದಲು ಹಿಡಿದೆ. ಎರಡು ಸಿಕ್ಕವು. ಒಂದರ ಕೆಳಗೆ ಲೀಟರ್ ಬಾಟಲಿ ಇಟ್ಟರೆ ಐವತ್ತು ನಿಮಿಷಕ್ಕೆ ತುಂಬಿತು, ಅಂದರೆ ದಿನಕ್ಕೆ 29 ಲೀಟರ್. ವಾಷರ್ ಬದಲಿಸಿದೆ. ಅದು ಕಳ್ಳನ ತಮ್ಮ ಅಷ್ಟೇ, ಕಳ್ಳ ಬೇರೆ ಕಡೆ ಇದ್ದ.

ಮರುರಾತ್ರಿ ಟ್ಯಾಂಕಿನ ಬುಡದ ಗೇಟ್ ವಾಲ್ವ್ ಮುಚ್ಚಿ ನೋಡಿದೆ: ಗೆರೆ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಟ್ಯಾಂಕಿಗೆ ದೋಷವಿಲ್ಲ. ಅದರ ಮರುರಾತ್ರಿ ನಮ್ಮ ಎರಡು ಮನೆಯ ಲೈನ್ ಮಾತ್ರ ತೆರೆದೆ, ಇಳಿಯಲಿಲ್ಲ. ಉಳಿದದ್ದು ಲೈನ್ ಮನೆ ಕಡೆಗೆ ಕಾಫಿ ತೋಟದೊಳಗೆ ಹೋಗುವ 180 ಅಡಿಯ ಒಂದು ಇಂಚಿನ ಪೈಪ್.

ಆ ಪೈಪ್ ಜಾಡಿನಲ್ಲಿ ಮೂರು ಸಲ ನಡೆದೆವು. ಒದ್ದೆ ಜಾಗ ಎಲ್ಲೂ ಇಲ್ಲ. ಸಿಲ್ವರ್ ಓಕ್ ತರಗು ಕಾಲಡಿಯಲ್ಲಿ ಚರಚರ ಅನ್ನುತ್ತಿತ್ತು. ಪ್ಲಂಬರ್ ಹುಡುಗ, “ಅಣ್ಣಾ, ಪೂರ್ತಿ ಹೊಸ ಪೈಪ್ ಎಳೆದುಬಿಡೋಣ” ಎಂದ. ನಾನು ಒಪ್ಪುವುದರಲ್ಲಿದ್ದೆ.

ಆಗ ಲೈನ್ ಮನೆಯ ಅಜ್ಜಿ ಕೆಸುವಿನ ಎಲೆ ಕೊಯ್ದು ಮಡಿಲಿಗೆ ಹಾಕಿಕೊಂಡು ಬರುತ್ತಿದ್ದರು. ಪತ್ರೊಡೆಗೆ. ಏಪ್ರಿಲ್ ತಿಂಗಳಲ್ಲಿ ಅಷ್ಟಗಲ ಎಲೆ.

“ಎಲ್ಲಿಂದ ಅಜ್ಜೀ?”

“ಅಲ್ಲೇ ಜೀಪ್ ದಾರಿ ಕೆಳಗೆ ಮಗಾ. ಮೂರು ವರ್ಷದಿಂದ ಬೇಸಿಗೆಯಲ್ಲೂ ಬಾಡೋದೇ ಇಲ್ಲ, ಒಳ್ಳೆ ಜಾಗ ಅದು.”

ಪ್ಲಂಬರ್ ಹುಡುಗ ಗುದ್ದಲಿ ಎತ್ತಿಕೊಂಡ.

ಕಾಫಿ ಮೂಟೆ ಹೇರಿದ ಜೀಪು ದಾಟುವ ಜಾಗದಲ್ಲಿ ಪೈಪನ್ನು ಹೂತದ್ದು ಮುಕ್ಕಾಲು ಅಡಿ ಆಳಕ್ಕೆ. ಹಾಕಿಸಿದವರು ನಾವೇ, ಆಗ ಕೂಲಿ ಉಳಿಸಿದ್ದೆವು. ಸಾಕೆಟ್ ಸೀಳಿ, ನೀರು ಮೇಲೆ ಬರದೆ ನೇರ ಕೆಳಗಿನ ಇಲಿ ಬಿಲಕ್ಕೆ ಇಳಿದು, ಇಳಿಜಾರಿನಲ್ಲಿ ನಾಲ್ಕು ಮಾರು ಕೆಳಗೆ ಕೆಸುವಿನ ಬುಡ ತೋಯಿಸಿ, ಅಲ್ಲಿಂದ ತೋಡಿಗೆ (ಹಳ್ಳಕ್ಕೆ) ಹೋಗುತ್ತಿತ್ತು. ನೆಲದ ಮೇಲೆ ಒಂದು ಹನಿ ಒದ್ದೆ ಕಾಣದ್ದು ಅದಕ್ಕೆ.

ರಿಪೇರಿ ಸುಲಭದ್ದು, ಆದರೆ ಒಂದು ತಾಪತ್ರಯ ಇರುತ್ತದೆ. ಹಳೇ ಗೇಟ್ ವಾಲ್ವ್ ಎಷ್ಟು ಬಿಗಿದರೂ ಎಳೆಯಷ್ಟು ನೀರು ಬಿಡುತ್ತದೆ. ಕೋಲಿನ ಗೆರೆಗೆ ಗೊತ್ತಾಗದಷ್ಟು, ಆದರೆ ಪಿವಿಸಿ ಜಾಯಿಂಟಿಗೆ ಸಲ್ಯೂಷನ್ ಹಚ್ಚುವಾಗ ಕೊಳವೆಯೊಳಗೆ ತೇವ ಇದ್ದರೆ ಅಂಟು ಹಿಡಿಯುವುದಿಲ್ಲ, ಹಿಡಿದಂತೆ ಕಾಣುತ್ತದೆ ಅಷ್ಟೇ. ಮೊದಲ ಸಲ ಹಾಗೇ ಆಯಿತು, ಸಂಜೆ ನೀರು ಬಿಟ್ಟ ಹತ್ತು ನಿಮಿಷಕ್ಕೆ ಪುನಃ ಕಿತ್ತಿತು. ಮರುದಿನ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಕೆಳಗಿನ ನಲ್ಲಿಗಳನ್ನೆಲ್ಲ ತೆರೆದಿಟ್ಟು, ಎರಡು ಗಂಟೆ ಕಾದು, ಸೀಳಿದ ಕಡೆಯಿಂದ ಎರಡೂ ಬದಿಗೆ ಅರ್ಧರ್ಧ ಅಡಿ ಹೆಚ್ಚಿಗೇ ಕತ್ತರಿಸಿದೆವು. ಹಳೇ ಲುಂಗಿ ತುಂಡಿನಿಂದ ಒರೆಸಿ, ಸ್ಯಾಂಡ್ ಪೇಪರ್ ಉಜ್ಜಿ, ಹೊಸ ತುಂಡು, ಎರಡು ಸಾಕೆಟ್. ಒಂದು ರಾತ್ರಿ ಒಣಗಲು ಬಿಟ್ಟೆವು. ಆ ರಾತ್ರಿ ಐದು ಮನೆಯೂ ಕೊಡಪಾನದ ನೀರಿನಲ್ಲಿ ಕಳೆಯಿತು. ಈ ಸಲ ದಾರಿ ದಾಟುವಲ್ಲಿ ಎರಡಡಿ ತೋಡಿ, ಗುಜರಿಯಲ್ಲಿದ್ದ ಹಳೇ ಎರಡೂವರೆ ಇಂಚಿನ ಜಿಐ ಪೈಪನ್ನು ಹೊರಗವಸಿನ ಹಾಗೆ ಹಾಕಿ, ಅದರೊಳಗೆ ಪಿವಿಸಿ ದಾಟಿಸಿದೆವು. ಈಗ ಜೀಪಿನ ಭಾರ ಕಬ್ಬಿಣದ ಮೇಲೆ. ಟ್ಯಾಂಕಿನ ಬುಡಕ್ಕೆ, ಲೈನಿಗೊಂದರಂತೆ ಎರಡು ಬಾಲ್ ವಾಲ್ವ್. ಎಲ್ಲ ಸೇರಿ ಸಾಮಾನಿಗೆ ಸಾವಿರದ ಒಳಗೆ.

ಪುನಃ ನೀರು ಬಿಟ್ಟ ಮೇಲಿನ ರಾತ್ರಿ ಗೆರೆ ಇದ್ದಲ್ಲೇ ಇತ್ತು. ಮೋಟರ್ ಹೊತ್ತು ಮುಕ್ಕಾಲು ಗಂಟೆಯಿಂದ ಇಪ್ಪತ್ತೈದು ನಿಮಿಷಕ್ಕೆ ಇಳಿಯಿತು.

ಹದಿನೈದು ದಿನಕ್ಕೆ ಕೆಸು ಬಾಡಿತು. ಅಜ್ಜಿ ನನ್ನ ಹತ್ತಿರ ಎರಡು ದಿನ ಮಾತಾಡಲಿಲ್ಲ. ಕೊನೆಗೆ ಅವರ ಪಾತ್ರೆ ತೊಳೆಯುವ ಕಲ್ಲಿನ ನೀರನ್ನು ಮುಕ್ಕಾಲು ಇಂಚಿನ ಪೈಪಿನಲ್ಲಿ ಕೆಳಗೆ ಬಿಟ್ಟುಕೊಟ್ಟೆ. ಅಕ್ಕಿ ತೊಳೆದ ನೀರು ಕೆಸುವಿಗೆ ಇನ್ನೂ ಒಳ್ಳೆಯದಂತೆ. ಮೊದಲ ವಾರ ಅನ್ನದ ಅಗುಳು ಕಟ್ಟಿಕೊಂಡು ಪೈಪು ಎರಡು ಸಲ ನಿಂತಿತು. ಬಾಯಿಗೆ ಚಹಾ ಸೋಸುವ ಹಳೇ ಜಾಲರಿ ಕೂರಿಸಿದ ಮೇಲೆ ಸರಿಹೋಯಿತು.

ಮೇ: ಸೂರಿನ ನೀರು

ನಿಜ ಹೇಳಬೇಕೆಂದರೆ ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಡ್ರಮ್ಮುಗಳು ಅಂಗಳದಲ್ಲಿ ಕೂತಿದ್ದವು, ಮನೆಯವಳು ದಿನಾ ಅವುಗಳನ್ನು ಸುತ್ತಿಕೊಂಡು ಹೋಗುತ್ತಿದ್ದಳು.

ಮಳೆನೀರು ಇಂಗಿಸುವ ಬಗ್ಗೆ ಓದಿದರೆ ಎಲ್ಲ ಕಡೆ ಇಂಗುಗುಂಡಿ ತೋಡಿ ಎನ್ನುತ್ತಾರೆ. ಬಯಲಿಗೆ ಅದು ಸರಿ. ನಮ್ಮ ಮನೆ ಹಿಂದೆ ಹನ್ನೆರಡು ಅಡಿ ಬರೆ ಇದೆ, ಮನೆ ಕಟ್ಟಲು ಗುಡ್ಡ ತರಿದದ್ದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಏನಾಯಿತೆಂದು ನೋಡಿದವರು ಬರೆಯ ನೆತ್ತಿಯ ಮೇಲೆ ಗುಂಡಿ ತೋಡಿ ನೀರು ನಿಲ್ಲಿಸುವುದಿಲ್ಲ. ತರಿದ ಗುಡ್ಡದ ಮಣ್ಣು ನೀರು ಕುಡಿದು ಭಾರವಾದರೆ ಅದಕ್ಕೆ ಆನಿಕೆ ಇರುವುದಿಲ್ಲ. ಬರೆ ಮೇಲಿನ ನೀರನ್ನು ಚರಂಡಿ ಮಾಡಿ ಆದಷ್ಟು ಬೇಗ ಪಕ್ಕಕ್ಕೆ ಸಾಗಹಾಕಬೇಕು. ಇಂಗಿಸುವುದಿದ್ದರೆ ಮನೆಯ ಕೆಳಗೆ, ಮಟ್ಟಸ ಜಾಗದಲ್ಲಿ. ಬಾವಿ ಇರುವುದು ಅಲ್ಲೇ. ಹಾಗಾಗಿ ಮನೆ ಮಾಡಿನ (ಛಾವಣಿಯ) ನೀರನ್ನು ಸೋಸಿ ಬಾವಿಗೆ ಬಿಡುವುದೆಂದು ತೀರ್ಮಾನವಾಯಿತು.

ಮಾಡು ಮಂಗಳೂರು ಹೆಂಚಿನದು. ಹೆಂಚಿನ ಇಳಿಜಾರನ್ನು ಅಳೆಯಬಾರದು, ಸೂರು ನೆಲದ ಮೇಲೆ ಎಷ್ಟು ಜಾಗ ಮುಚ್ಚುತ್ತದೋ ಅದನ್ನು ಅಳೆಯಬೇಕು. ನಮ್ಮದು 1100 ಚದರಡಿ. ಹೆಂಚು ಕುಡಿದದ್ದು, ಸಿಡಿದದ್ದು ಕಳೆದರೆ ಒಂದು ಇಂಚು ಮಳೆಗೆ ಸುಮಾರು 2000 ಲೀಟರ್ ಸಿಗುತ್ತದೆ. ಈ ಒಂದು ಅಂಕಿ ತಲೆಯಲ್ಲಿದ್ದರೆ ಮುಂದಿನ ಎಲ್ಲ ಲೆಕ್ಕವೂ ಬಾಯಿಲೆಕ್ಕ.

ಸೂರಿನ ನೀರು ಹಿಡಿಯುವ ದೋಣಿಗೆ 160 ಮಿಲಿಮೀಟರ್ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿಸಿದೆ. ಮೇಸ್ತ್ರಿ ಪುತ್ತೂರು ಕಡೆಯವರು. “ನಮ್ಮಲ್ಲಿ ಇದಕ್ಕೆ ಅಡಿಕೆ ದಂಬೆ (ಸೀಳಿದ ಅಡಿಕೆ ಮರ) ಸಾಕು ಮಾರಾಯ್ರೆ” ಎಂದು ಗೊಣಗಿಕೊಂಡೇ ಕಟ್ಟಿದರು. ಹತ್ತು ಅಡಿಗೆ ಒಂದು ಇಂಚು ಇಳಿಜಾರು. ಪಟ್ಟಿ ಕಬ್ಬಿಣದ ಕೊಕ್ಕೆ ಮೂರಡಿಗೊಂದು ಹಾಕಿದ್ದು ಸಾಲಲಿಲ್ಲ, ತುಂಬಿದ ದೋಣಿ ನಡುವೆ ಬಾಗಿತು, ಆಮೇಲೆ ಎರಡಡಿಗೊಂದು ಮಾಡಿಸಿದೆ.

ಮೊದಲ ಮಳೆಯ ಕೊಳೆ ಬಿಡುವ ವ್ಯವಸ್ಥೆಯಲ್ಲಿ ನಾನು ಪೆದ್ದು ಕೆಲಸ ಮಾಡಿದೆ. 110 ಮಿಲಿಮೀಟರ್ ಪೈಪನ್ನು ಎರಡು ಮೀಟರ್ ಉದ್ದ ನಿಲ್ಲಿಸಿ, ಕೊಳೆ ನೀರು ಅದರಲ್ಲಿ ತುಂಬಿದ ಮೇಲೆ ಒಳ್ಳೆಯ ನೀರು ಮುಂದೆ ಹೋಗುವ ಹಾಗೆ. ನೋಡಲು ಚಂದ. ಹಿಡಿಯುವುದು 17 ಲೀಟರ್. ಎಂಟು ತಿಂಗಳ ಹಕ್ಕಿ ಹಿಕ್ಕೆ, ಕಣದ ಕಾಫಿ ಸಿಪ್ಪೆಯ ದೂಳು, ಹೆಂಚಿನ ಪಾಚಿ ಇಷ್ಟೆಲ್ಲ 17 ಲೀಟರಿನಲ್ಲಿ ಎಲ್ಲಿ ತೊಳೆಯುತ್ತದೆ? ಆಮೇಲೆ ಎರಡು ನೀಲಿ ಡ್ರಮ್ಮುಗಳಲ್ಲಿ ಒಂದನ್ನು ಇದಕ್ಕೇ ಇಟ್ಟೆ. 200 ಲೀಟರ್ ಎಂದರೆ ನಮ್ಮ ಮಾಡಿನ ಮೇಲೆ ಬಿದ್ದ ಮೊದಲ 2 ಮಿಲಿಮೀಟರ್ ಮಳೆ, ನಮ್ಮ ಭಾಷೆಯಲ್ಲಿ ಎಂಟು ಸೆಂಟ್. ಡ್ರಮ್ ತುಂಬಿದಾಗ ಬಾಯಿ ತಾನಾಗಿ ಮುಚ್ಚಿಕೊಳ್ಳಲು ಒಳಗೆ ತೇಲುವ ಚೆಂಡು. ಟೆನಿಸ್ ಚೆಂಡು ಹಾಕಿದ್ದೆ. ವಾರಕ್ಕೆ ನೀರು ಕುಡಿದು ಮುಳುಗಿತು. ಅದನ್ನು ಲೈನ್ ಮನೆ ಹುಡುಗರಿಗೆ ವಾಪಸು ಕೊಟ್ಟು, ಫ್ಲಶ್ ಟ್ಯಾಂಕಿನ ಪ್ಲಾಸ್ಟಿಕ್ ಫ್ಲೋಟ್ ಹಾಕಿದೆ. ಡ್ರಮ್ಮಿನ ಬುಡದಲ್ಲಿ ಮೊಳೆಯಷ್ಟು ಸಣ್ಣ ತೂತು, ಮಳೆ ನಿಂತ ಮೇಲೆ ಅದು ತಾನೇ ಖಾಲಿಯಾಗುತ್ತದೆ. ಎದ್ದು ಹೋಗಿ ನಲ್ಲಿ ತಿರುಗಿಸಬೇಕು ಎಂಬ ಯಾವ ಏರ್ಪಾಡೂ ನಮ್ಮ ಮನೆಯಲ್ಲಿ ಎರಡನೇ ತಿಂಗಳು ದಾಟುವುದಿಲ್ಲ.

ಎರಡನೇ ಡ್ರಮ್ ಸೋಸುಗ. ಬುಡದಲ್ಲಿ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಇದ್ದಿಲು, ಮೇಲೆ ಒಂದಡಿ ಸಣ್ಣ ಮರಳು. ಎಲ್ಲವನ್ನೂ ಮೂರು ಸಲ ತೊಳೆದು ತುಂಬಿದೆವು. ಬಾವಿಕಟ್ಟೆಗೆ ತಾಗಿಸಿ ಇಟ್ಟೆವು.

ಜೂನ್ ಕೊನೆ, ಜುಲೈ: ಕೆಂಪು ನೀರು

ಮೊದಲ ಎರಡು ವಾರ ಸೊಗಸಾಗಿ ನಡೆಯಿತು. ನೋಡಲು ಬಂದವರಿಗೆಲ್ಲ ತೋರಿಸಿದ್ದೂ ಆಯಿತು.

ಆಮೇಲೆ ಒಂದು ರಾತ್ರಿ ನಾಲ್ಕು ಇಂಚು ಹತ್ತು ಸೆಂಟ್. ಗಾಳಿಗೆ ಸಿಲ್ವರ್ ಓಕಿನ ಎಲೆ ಮಾಡಿನ ತುಂಬ. ಆ ಎಲೆ ಜರಿಗಿಡದ ಎಲೆಯ ಹಾಗೆ ಸಣ್ಣ ಸಣ್ಣ ಸೀಳು, ಯಾವ ಜಾಲರಿಯಲ್ಲೂ ನುಸುಳುತ್ತದೆ. ಮರಳಿನ ಮೇಲೆ ಕಂಬಳಿಯ ಹಾಗೆ ಹಾಸಿಕೊಂಡಿತು. ಮರಳಿನ ಡ್ರಮ್ ಇಳಿಸಬಲ್ಲದ್ದು ಎಷ್ಟು, ಮೇಲಿಂದ ಬರುವುದು ಎಷ್ಟು! ಡ್ರಮ್ ಉಕ್ಕಿ, ನೀರು ರಾತ್ರಿಯಿಡೀ ಬಾವಿಕಟ್ಟೆಯ ಬುಡಕ್ಕೆ ಸುರಿದು, ಮಣ್ಣು ಕೊರೆದು, ಕಲ್ಲಿನ ಸಂದಿನಿಂದ ಕೆಸರು ಒಳಗೆ ಇಳಿಯಿತು. ಬೆಳಿಗ್ಗೆ ನೋಡಿದರೆ ಬಾವಿಯೊಳಗೆ ಚಹಾ.

ಮೂರು ದಿನ ಐದು ಮನೆಯೂ ಚಿಕ್ಕಪ್ಪನ ಪರಿಚಯದವರ ಬಾವಿಯಿಂದ ನೀರು ಹೊತ್ತಿತು. ಯಾರೂ ನನಗೆ ಏನೂ ಹೇಳಲಿಲ್ಲ, ಅದೇ ಕಷ್ಟವಾಗಿತ್ತು.

ಕೆಸರು ಇಳಿದು ತಿಳಿಯಾಗುವ ತನಕ ಬ್ಲೀಚಿಂಗ್ ಪೌಡರ್ ಹಾಕಿ ಪ್ರಯೋಜನವಿಲ್ಲ, ಕೆಸರೇ ಅದರ ಶಕ್ತಿಯನ್ನು ತಿಂದುಬಿಡುತ್ತದೆ. ತಿಳಿಯಾದ ಮೇಲೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕ. ಅವತ್ತು ಬಾವಿಯಲ್ಲಿ 22 ಅಡಿ ನೀರು, ಅಂದರೆ 17,600 ಲೀಟರ್, ಅದಕ್ಕೆ 44 ಗ್ರಾಂ. ಬಕೆಟಿನಲ್ಲಿ ಮೊದಲು ಪೇಸ್ಟಿನ ಹಾಗೆ ಕಲಸಿ, ನೀರು ಸೇರಿಸಿ, ಸುಣ್ಣ ಕೆಳಗೆ ಕೂರುವ ತನಕ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಬಾವಿಗೆ ಇಳಿಸಿ ಕೊಡಪಾನದಿಂದ ಮೇಲೆ ಕೆಳಗೆ ಕಲಕಬೇಕು. ಒಂದು ಗಂಟೆಯಾದರೂ ಮುಟ್ಟಬಾರದು. ನಾವು ರಾತ್ರಿ ಹಾಕಿ ಬೆಳಿಗ್ಗೆ ಬಳಸಿದೆವು. ಕುಡಿಯುವುದು ಹೇಗೂ ಕಾಯಿಸಿ. ಇದ್ದಿಲು ಹಾಕಿದ್ದೇನೆ, ನೀರು ಶುದ್ಧ ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಇದ್ದಿಲು ಬಣ್ಣ, ವಾಸನೆ ಹಿಡಿಯುತ್ತದೆ, ರೋಗಾಣುವಿಗೆ ಅದರಿಂದ ಏನೂ ಆಗುವುದಿಲ್ಲ.

ಬಾವಿಯ ಬುಡಕ್ಕೆ ಮಣ್ಣು ತುಂಬಿ, ಗುದ್ದಿ, ಸುತ್ತ ಮೂರಡಿ ಸಿಮೆಂಟು ಹಾಸು ಹೊರಮುಖ ಇಳಿಜಾರಾಗಿ ಹಾಕಿಸಿದೆವು. ಡ್ರಮ್ ಹದಿನೈದು ಅಡಿ ದೂರ ಹೋಯಿತು, ಅದು ಉಕ್ಕಿದರೆ ನೀರು ಚರಂಡಿಗೆ.

ಆದರೆ ಕೆಂಪು ನೀರಿಗಿಂತ ನನಗೆ ಬುದ್ಧಿ ಕಲಿಸಿದ್ದು ಆ 22 ಅಡಿ ಎಂಬ ಅಂಕಿ. ನೀರು ನೆಲದಿಂದ ಆರೇ ಅಡಿ ಕೆಳಗೆ. ಸುತ್ತಲಿನ ಮಣ್ಣೆಲ್ಲ ತುಂಬಿ ತೋಡಿಗೆ ಬಿಡುತ್ತಿರುವಾಗ ನಾನು ಮಾಡಿನ ನೀರನ್ನು ಸೋಸಿ ಸೋಸಿ ಅದೇ ಬಾವಿಗೆ ಹಾಕುತ್ತಿದ್ದೆ! ತುಂಬಿದ ಹಂಡೆಗೆ ಚೊಂಬಿನಿಂದ ನೀರು ಹೊಯ್ದ ಹಾಗೆ. ಜುಲೈನ ನೀರನ್ನು ಏಪ್ರಿಲಿಗೆ ಇಟ್ಟುಕೊಳ್ಳುವ ಪಾತ್ರೆಯಲ್ಲ ಈ ಬಾವಿ.

ಅದೇ ವಾರ ಲೈನ್ ಮೇಲೆ ಮರ ಬಿದ್ದು ನಾಲ್ಕು ದಿನ ಕರೆಂಟ್ ಇಲ್ಲ. ಬಾವಿ ತುಂಬ ನೀರು, ಮೋಟರ್ ಸತ್ತಿದೆ, ಟ್ಯಾಂಕ್ ಖಾಲಿ. ಸುರಿಯುವ ಮಳೆಯಲ್ಲಿ ಕೊಡೆ ಹಿಡಿದು ಹಗ್ಗ ಎಳೆಯುತ್ತಿದ್ದೇವೆ, ಅಲ್ಲೇ ಪಕ್ಕದಲ್ಲಿ ಮಾಡಿನ ನೀರು ಹರಿದು ಹೋಗುತ್ತಿದೆ. ಲೈನ್ ಮನೆಯ ಹುಡುಗಿಯೊಬ್ಬಳು ದೋಣಿಯ ಬಾಯಿಗೇ ಬಕೆಟ್ ಇಟ್ಟು ತುಂಬಿಸಿಕೊಂಡು ಹೋದಳು. ಅರ್ಧ ನಿಮಿಷದ ಕೆಲಸ.

ಆಗಸ್ಟ್: ತಿರುಗುವ ಬೆಂಡು

ಹೊಸ ಏರ್ಪಾಡು ಇಷ್ಟೇ. ಕೊಳೆ ಡ್ರಮ್ ದಾಟಿದ ನೀರು ಮೊದಲು ಸಾವಿರ ಲೀಟರಿನ ಒಂದು ಟ್ಯಾಂಕಿಗೆ. ಟ್ಯಾಂಕ್ ಮೂರಡಿ ಎತ್ತರದ ಕಲ್ಲುಕಟ್ಟೆ ಮೇಲೆ, ದೋಣಿಯ ಬಾಯಿಗಿಂತ ಕೆಳಗೆ, ನಲ್ಲಿಗಿಂತ ಮೇಲೆ. ಕರೆಂಟಿನ ಹಂಗಿಲ್ಲ. ಬಚ್ಚಲ ಹಂಡೆಗೆ, ಬಟ್ಟೆಗೆ, ಪಾಯಿಖಾನೆಗೆ ಆ ನೀರು. ಕೊಳೆ ಡ್ರಮ್ ತುಂಬಿದ ಮೇಲೆ ಐವತ್ತು ಸೆಂಟ್ ಮಳೆಗೆ ತುಂಬುತ್ತದೆ. ನಮ್ಮ ಮಳೆಗಾಲದಲ್ಲಿ ಅದು ಕೆಲವೊಮ್ಮೆ ಒಂದು ಗಂಟೆಯ ಮಾತು. ಲೈನ್ ಮನೆಯವರಿಗೂ ಅಂಗಳದ ಕಡೆ ಒಂದು ನಲ್ಲಿ.

ಟ್ಯಾಂಕ್ ತುಂಬಿ ಹೊರಚೆಲ್ಲುವ ಪೈಪಿನ ತುದಿಯಲ್ಲಿ ಒಂದು ಬೆಂಡು. ಅದಕ್ಕೆ ಸಲ್ಯೂಷನ್ ಹಾಕಿಲ್ಲ, ರಬ್ಬರ್ ರಿಂಗ್ ಇಟ್ಟು ಒತ್ತಿ ಕೂರಿಸಿದ್ದು. ಎಡಕ್ಕೆ ತಿರುಗಿಸಿದರೆ ಚರಂಡಿ, ಬಲಕ್ಕೆ ತಿರುಗಿಸಿದರೆ ಸೋಸುಗದ ಡ್ರಮ್ ಮೂಲಕ ಬಾವಿ. ಅಷ್ಟು ದಪ್ಪದ ವಾಲ್ವಿಗೆ ಹಣ ಸುರಿಯುವುದಕ್ಕಿಂತ ಇದು ವಾಸಿ. ಬೆಂಡು ತಿರುಗುವುದು ವರ್ಷಕ್ಕೆ ಎರಡೇ ಸಲ. ಮುಂಗಾರು ಹಿಡಿದ ಮೇಲೆ ಎಡಕ್ಕೆ. ಅಕ್ಟೋಬರ್ ಮಧ್ಯದಲ್ಲಿ ತಲಕಾವೇರಿಯ ತೀರ್ಥೋದ್ಭವದ ಹೊತ್ತಿಗೆ ಬಲಕ್ಕೆ, ಆಮೇಲೆ ಬರುವ ಹಿಂಗಾರು, ಕಾಫಿ ಹೂ ಬಿಡಿಸುವ ಮಾರ್ಚಿನ ಹೂಮಳೆ, ಏಪ್ರಿಲ್ ಮೇಯ ಗುಡುಗು ಮಳೆ ಎಲ್ಲ ಬಾವಿಗೆ. ಬಾವಿಗೆ ನೀರು ಬೇಕಾಗುವುದು ಆಗ.

ಸೋಸುಗದಲ್ಲಿ ಸಣ್ಣ ಮರಳು ತೆಗೆದು ದಪ್ಪ ಮರಳು ಹಾಕಿದೆ, ಅದರ ಮೇಲೆ ಎತ್ತಿ ಝಾಡಿಸಬಹುದಾದ ನೈಲಾನ್ ಜಾಲರಿ. ದೋಣಿಯ ಬಾಯಿಯಲ್ಲಿ ಸ್ಟೀಲ್ ಜಾಲರಿಯನ್ನು ಓರೆಯಾಗಿ ಕೂರಿಸಿದೆ, ಎಲೆ ಅಲ್ಲೇ ಜಾರಿ ಕೆಳಗೆ ಬೀಳುತ್ತದೆ. ಮನೆಗೆ ಬಾಗಿದ್ದ ಎರಡು ಸಿಲ್ವರ್ ಓಕಿಗೆ ಮರಗಸಿ ಮಾಡಿಸಿ ಕೊಂಬೆ ಸವರಿಸಿದ್ದು ಈ ಎರಡು ಜಾಲರಿಗಿಂತ ಹೆಚ್ಚು ಉಪಕಾರವಾಯಿತು.

ಮೊದಲ ಸಲ ಮಾಡಿ ಕೆಡಿಸಿದ್ದೂ ಸೇರಿ ಮಳೆನೀರಿನ ಕೆಲಸಕ್ಕೆ ಕೂಲಿ ಸಮೇತ ಇಪ್ಪತ್ತಮೂರು ಸಾವಿರ ಚಿಲ್ಲರೆ. ಸೋರುವ ಪೈಪಿನ ರಿಪೇರಿಗೆ ಆದದ್ದು ಸಾವಿರದ ಒಳಗೆ ಎಂದು ಆಗಲೇ ಬರೆದೆ.

ಮಾರ್ಚ್, ಏಪ್ರಿಲ್ 2025

ಮಾರ್ಚಿನಲ್ಲಿ ಹೂಮಳೆ ಒಂದೇ ಸಲ ಎಂಬತ್ತು ಸೆಂಟ್. ಸಾವಿರ ಲೀಟರಿನ ಟ್ಯಾಂಕನ್ನು ತಪ್ಪಿಸಿ ಎಲ್ಲವನ್ನೂ ಬಾವಿಗೇ ಬಿಟ್ಟೆ, ನೋಡೋಣ ಎಂದು. ಕೊಳೆ ಡ್ರಮ್ಮಿನ 200 ಲೀಟರ್ ಕಳೆದು ಸುಮಾರು 1400 ಲೀಟರ್ ಇಳಿದಿರಬೇಕು. ಹಗ್ಗ ಹಾಕಿ ನೋಡಿದರೆ ಒಂದು ಮುಕ್ಕಾಲು ಅಡಿ ಏರಿತ್ತು, ಲೆಕ್ಕ ಸರಿಯಾಗಿ ಕೂತಿತು. ಮೂರನೇ ದಿನಕ್ಕೆ ಅದರಲ್ಲಿ ಅರ್ಧ ಸುತ್ತಲಿನ ಮಣ್ಣಿಗೆ ಹೋಗಿತ್ತು. ಮಣ್ಣಿನಲ್ಲಿದ್ದದ್ದು ನಿಧಾನಕ್ಕೆ ಬಾವಿಗೇ ವಾಪಸು ಬರುತ್ತದೋ, ತೋಡಿನ ಕಡೆ ಸರಿಯುತ್ತದೋ ಹಗ್ಗ ಹೇಳುವುದಿಲ್ಲ.

ಏಪ್ರಿಲ್ ಎರಡನೇ ವಾರ ಬೆಳಿಗ್ಗೆಯ ಅಳತೆ ಐದೂಕಾಲು ಅಡಿ. ಹಿಂದಿನ ವರ್ಷ ಇದೇ ಹೊತ್ತಿಗೆ ಎರಡು. ಮೋಟರ್ ಒಮ್ಮೆಯೂ ಗಾಳಿ ಎಳೆಯಲಿಲ್ಲ. ಇದರಲ್ಲಿ ಎಷ್ಟು ಪಾಲು ನನ್ನ ಡ್ರಮ್ಮುಗಳದ್ದು ಎಂದು ಚಿಕ್ಕಪ್ಪ ಕೇಳಿದರು. ಹೆಚ್ಚಿಲ್ಲ. 2024ರ ಮಳೆ ಚೆನ್ನಾಗಿತ್ತು, ಮತ್ತು ನಾವು ಬೇಸಿಗೆ ಪೂರ್ತಿ ದಿನಕ್ಕೆ ನೂರಾರು ಲೀಟರ್ ಕಡಿಮೆ ಎತ್ತಿದ್ದೆವು. ಮುಂಗಾರು ಕೂಡ ಈ ಸಲ ಬೇಗ ಬಂತು, ಮೇ 24ಕ್ಕೇ ಕೇರಳ ಮುಟ್ಟಿತು, ತಿಂಗಳ ಕೊನೆಗೆ ನಾನು ಬೆಂಡನ್ನು ಎಡಕ್ಕೆ ತಿರುಗಿಸಿದ್ದಾಗಿತ್ತು. ಮಾಡಿನ ನೀರಿನ ನಿಜವಾದ ಉಪಯೋಗ ಕಂಡದ್ದು ಆಮೇಲೆ, ಜೂನಿನಲ್ಲಿ ಕರೆಂಟ್ ಹೋದ ದಿನಗಳಲ್ಲಿ, ಹಂಡೆಯ ಬುಡದಲ್ಲಿ.

ಈಗ ತಿಂಗಳಿಗೊಂದು ರಾತ್ರಿ ಗೆರೆ ಹಾಕುವುದು ಅಭ್ಯಾಸವಾಗಿದೆ. ಲೈನ್ ಮನೆಯ ಅದೇ ಹುಡುಗಿ ಕೋಲು ಇಳಿಸಿ ಅಂಕಿ ಬರೆಯುತ್ತಾಳೆ, ಅಪ್ಪನ ಮಳೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ. ಕಳೆದ ತಿಂಗಳು ಅರ್ಧ ಇಂಚು ಇಳಿದಿತ್ತು. ನಮ್ಮ ಎರಡು ಮನೆಯ ಲೈನ್ ಕೂಡ ಅದೇ ವರ್ಷ ಅದೇ ಕೈಯಿಂದ ಹೂತದ್ದು, ಅದೇ ಮುಕ್ಕಾಲು ಅಡಿ ಆಳಕ್ಕೆ. ಈ ಭಾನುವಾರ ವಾಲ್ವ್ ಮುಚ್ಚಿ ಶುರುಮಾಡುತ್ತೇವೆ. ಅದಕ್ಕೂ ಮುಂಚೆ ಚಿಕ್ಕಪ್ಪನ ಮನೆಯ ಹಿಂದೆ ಯಾವ ಗಿಡ ಹಸಿರಾಗಿದೆ ಎಂದು ಒಂದು ಸುತ್ತು ನೋಡಿ ಬರಬೇಕು.